ಕ್ಲಚ್ಚಿಲ್ಲದ ಗಾಡಿ

ಊರುಗೋಲು ಮೊದಲು ಬೀರಣ್ಣನ ಬೆನ್ನಿಗೆ ಬಿತ್ತು, ಆಮೇಲೆ ಕಿವಿಯ ಮೇಲೆ. ಅವನು ಗಾಡಿಯ ಅಡಿಯಿಂದ ತೆವಳಿಕೊಂಡು ಹೊರಗೆ ಬರುವಷ್ಟರಲ್ಲಿ ಮೂರನೆಯ ಏಟೂ ಬಿದ್ದಿತ್ತು. ಹೊಡೆದವರು ವಿಜಾಪುರದ ವಕೀಲ ಶಿವಾನಂದ. ತಿಂದವನು ಹತ್ತು ವರ್ಷದಿಂದ ಅವರ ಗಾಡಿ ಓಡಿಸುತ್ತಿದ್ದ ಡ್ರೈವರ್. ಅಥಣಿ ರಸ್ತೆಯ ಗೈಬುಸಾಬನ ಗ್ಯಾರೇಜಿನ ಅಂಗಳ, ನಡುಹಗಲು.

"ಕ್ಲಚ್ ಪ್ಲೇಟ್ ಸುಟ್ಟೈತ್ರಿ, ಕೇಬಲ್ ಹರದೈತ್ರಿ," ಎಂದು ವಕೀಲರು ಅವನ ಹಳೆಯ ನೆಪಗಳನ್ನು ಅವನ ದನಿಯಲ್ಲೇ ಅಣಕಿಸಿದರು. "ಕೋರ್ಟಿಗೆ ಹೋಗೂಮುಂದ ಸುಡಲಿಲ್ಲ, ತಿಕೋಟಾಕ್ಕ ಹೋಗೂಮುಂದ ಹರೀಲಿಲ್ಲ. ಬಬಲೇಶ್ವರ ಅಂದಕೂಡ್ಲೆ ಹರೀತದ. ಏನ್ ಜಾಣ ಕೇಬಲ್ಲೋ ನಿಂದು."

ಬೀರಣ್ಣ ಕಿವಿಯ ರಕ್ತವನ್ನು ಅಂಗಿಯ ತೋಳಿಗೆ ಒರೆಸಿಕೊಂಡ. ಅವರು ಹೇಳಿದ್ದೆಲ್ಲ ನಿಜ.

ಬಬಲೇಶ್ವರದ ಹೊರಗಿನ ಕುರಿಹಟ್ಟಿಯಲ್ಲಿ ಅಮೋಘಿ ಇದ್ದ, ಬೀರಣ್ಣನ ತಂಗಿ ಸಕ್ರವ್ವನ ಗಂಡ. ಆರು ವರ್ಷದ ಹಿಂದೆ ಹೊಲದ ಖಟ್ಲೆಯಲ್ಲಿ ವಕೀಲರು ಅವನನ್ನು ಕಟಕಟೆಯಲ್ಲಿ ನಿಲ್ಲಿಸಿ, ಅವನು ಅವನಪ್ಪನ ಮಗನೇ ಅಲ್ಲವೆಂದು ಸಾಧಿಸಿದ್ದರು; ಸತ್ತ ತಾಯಿಯ ಬಗ್ಗೆ ಕೇಳಬಾರದ್ದನ್ನೆಲ್ಲ ತುಂಬಿದ ಕೋರ್ಟಿನಲ್ಲಿ ಕೇಳಿದ್ದರು. ವಕೀಲರು ಖಟ್ಲೆ ಗೆದ್ದು ಹೊರಗೆ ಬಂದಾಗ ಅಮೋಘಿ ಮೆಟ್ಟಿಲ ಬಳಿಯೇ ಕೊಡಲಿ ಬೀಸಿದ. ಮೊದಲ ಏಟಿಗೆ ಅವರ ಎಡಗಾಲಿನ ಎಲುಬು ಕಂಡಿತು, ಎರಡನೆಯದಕ್ಕೆ ಕಾಲು ಬರೀ ತೊಗಲಿಗೆ ಜೋತಾಡಿತು. ಬೀರಣ್ಣನೇ ವಕೀಲರನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದ್ದ. ಆಮೇಲೆ ಕಟಕಟೆ ಹತ್ತಿ, ಕಂಡದ್ದನ್ನು ಕಂಡಂತೆ ಹೇಳಿ, ತಂಗಿಯ ಗಂಡನನ್ನು ಜೇಲಿಗೆ ಕಳಿಸಿದವನೂ ಅವನೇ. ಅವತ್ತಿನಿಂದ ಸಕ್ರವ್ವ ಅವನ ಕೂಡ ಮಾತು ಬಿಟ್ಟಿದ್ದಳು.

ಅರವತ್ತೇಳನೆಯ ಇಸ್ವಿಯ ಯುಗಾದಿಗೆ ಅಮೋಘಿ ಬಿಡುಗಡೆಯಾಗಿ ಬಂದ. "ನನಗ ಅವನ ಕಾಲು ಬ್ಯಾಡ, ತಲಿ ಬೇಕು," ಎಂದು ವಕೀಲರು ಅವತ್ತೇ ಹೇಳಿದ್ದರು. ಆದರೆ ಎಡಗಾಲಿಲ್ಲದವರು ಕ್ಲಚ್ ಒತ್ತಲಾರರು. ಎಲ್ಲಿಗೆ ಹೋಗಬೇಕಾದರೂ ಬೀರಣ್ಣನ ಎಡಗಾಲು ಬೇಕು. ಏಳು ತಿಂಗಳು ಅಮೋಘಿಯ ಜೀವ ನಿಂತದ್ದು ಆ ಒಂದು ಕಾಲಿನ ಮೇಲೆ. ಇವತ್ತು ಆ ಕಾಲಿನ ಕೆಲಸ ಮುಗಿಯುವುದಿತ್ತು.

ಗಾಡಿ ಯಾವುದೋ ಸಂಸ್ಥಾನದ ಅರಸುಮಕ್ಕಳು ಓಡಿಸಿ ಬಿಟ್ಟದ್ದು. ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಉದ್ದ ಮೂತಿ, ತಂತಿ ಕಡ್ಡಿಯ ಚಕ್ರ. ಅದರ ಹಳೆಯ ಇಂಜಿನ್ ತೆಗೆದು, ಎಲ್ಲೋ ಅಪಘಾತವಾಗಿ ಬಿದ್ದಿದ್ದ ಅಮೇರಿಕದ ದೊಡ್ಡ ಕಾರಿನ ಇಂಜಿನ್ನನ್ನೂ, ಕ್ಲಚ್ಚೇ ಬೇಡದ, ತಾನೇ ಗೇರು ಬದಲಿಸುವ ಪೆಟ್ಟಿಗೆಯನ್ನೂ ಗೈಬುಸಾಬ ಅದರ ಹೊಟ್ಟೆಗೆ ಇಳಿಸಿದ್ದ. ಆ ಕಾರಿನ ಗೇರಿನ ಹಿಡಿಕೆ ಸ್ಟೀರಿಂಗಿನ ಕಂಬಕ್ಕೆ ಇತ್ತು. ಇಲ್ಲಿ ಅದಕ್ಕೆ ಜಾಗವಿರಲಿಲ್ಲ. ಕೊನೆಗೆ ವಕೀಲರು ಯಾರಿಗೋ ಬರೆದು, ನೆಲಕ್ಕೆ ಕೂಡಿಸುವ ಬೇರೆ ಹಿಡಿಕೆಯನ್ನು ಹಡಗಿನಲ್ಲಿ ತರಿಸಿದ್ದರು.

ಮೂರು ದಿನದಿಂದ ಗೈಬುಸಾಬ ಅದನ್ನೇ ಕೂಡಿಸುತ್ತಿದ್ದ. ಎರಡು ಸೀಟಿನ ನಡುವಿನ ತಗಡನ್ನು ಉಳಿಯಿಂದ ಕಡಿದು ಕಿಂಡಿ ಮಾಡಿದ್ದ. ಕಡಿದ ಅಂಚು ಅವನ ಮುಂಗೈ ಸೀಳಿತ್ತು, ಸುತ್ತಿದ ಅರಿವೆಯಲ್ಲಿ ರಕ್ತ ಯಾವುದು ಕರಿ ಎಣ್ಣೆ ಯಾವುದು ತಿಳಿಯುತ್ತಿರಲಿಲ್ಲ. ಹಿಡಿಕೆಯ ಜೊತೆ ಬಂದ ಇಂಗ್ಲಿಷ್ ಚೀಟಿ ಅವನಿಗೆ ಓದಲು ಬಾರದು. ಗೇರ್‌ಪೆಟ್ಟಿಗೆಯ ಪಕ್ಕದ ಪುಟ್ಟ ತೋಳನ್ನು ಮೆಲ್ಲಗೆ ತಿರುಗಿಸಿ, ಒಳಗೆ ಒಂದೊಂದು ಗೇರಿನ ಮನೆಗೆ ಟಕ್ಕೆಂದು ಬೀಳುವುದನ್ನು ಬೆರಳ ತುದಿಯಲ್ಲೇ ಹಿಡಿಯುತ್ತಿದ್ದ. ಮೇಲೆ ಹಿಡಿಕೆ ಒಂದು ಮನೆ ಸರಿದರೆ ಕೆಳಗೆ ತೋಳೂ ಒಂದೇ ಮನೆ ಸರಿಯಬೇಕು. ಎರಡೂ ಒಂದೇ ಉಸಿರಿಗೆ ಬೀಳುವ ತನಕ ನಡುವಿನ ಸರಳಿನ ನಟ್ಟನ್ನು ಅರ್ಧ ಸುತ್ತು ಬಿಗಿದು, ಕಾಲು ಸುತ್ತು ಸಡಿಲಿಸುವುದು, ಅದೇ ಕೆಲಸ.

ವಕೀಲರು ನೆರಳಿಗೆ ಹೋದಾಗ ಬೀರಣ್ಣ ಮತ್ತೆ ಗಾಡಿಯ ಅಡಿಗೆ ನುಗ್ಗಿದ. ಸರಳಿನ ತುದಿಯ ಸಣ್ಣ ಪಿನ್ನನ್ನು ಕಿತ್ತು ಬಾಯಲ್ಲಿಟ್ಟುಕೊಂಡ. ಅದಿಲ್ಲದೆ ಗಾಡಿ ಎರಡು ಹರದಾರಿ ಹೋಗುವಷ್ಟರಲ್ಲಿ ಸರಳು ಕಳಚಿ ಬೀಳುತ್ತಿತ್ತು.

ಕೊನೆಯ ಸಲ ಕೈಯಾಡಿಸುವಾಗ ಗೈಬುಸಾಬನ ಬೆರಳಿಗೆ ಪಿನ್ನು ಸಿಗಲಿಲ್ಲ. ಅವನು ಎದ್ದು ಬಂದು ಬೀರಣ್ಣನ ಗದ್ದ ಹಿಡಿದು, ದವಡೆ ಅಮುಕಿ ಬಾಯಿ ತೆರೆಸಿದ. ಪಿನ್ನು ಅಂಗೈಗೆ ಬಿದ್ದಮೇಲೆ ಅದೇ ಕೈಯಿಂದ ಕಪಾಳಕ್ಕೆ ಬಿಟ್ಟ.

"ಗೇರು ಉಚ್ಚಿ ಗಾಡಿ ಯಾವ ಹೆಣ್ಮಗಳ ಮ್ಯಾಲ ಹೋಗ್ತದ, ನಿನಗ ಗೊತ್ತೈತೇನಲೇ? ನಾ ಕೂಡಿಸಿದ್ದು ಉಚ್ಚಬಾರದು."

"ಉಸ್ತಾದ, ಅಂವ ನನ್ನ ತಂಗಿ ಕುಂಕಮಾ ಅಳಸಾಕ ಹೊಂಟಾನ."

"ಗೊತ್ತೈತಿ. ತಡೀಬೇಕಾದ್ರ ಮನಷ್ಯಾನ್ನ ತಡಿ. ನನ್ನ ಕೆಲಸಕ್ಕ ಕೈ ಹಚ್ಚಬ್ಯಾಡ." ಗೈಬುಸಾಬ ಪಿನ್ನನ್ನು ಸೇರಿಸಿ, ಇಕ್ಕಳದಿಂದ ತುದಿ ಮಡಚಿದ. ಆಮೇಲೆ ಅವನ ಮುಖ ನೋಡಲಿಲ್ಲ.

ವಕೀಲರು ಬಲಗಡೆ ಹತ್ತಿ ಕುಳಿತು ಗಾಡಿ ಚಾಲೂ ಮಾಡಿದಾಗ ಬೀರಣ್ಣ ಕೇಳದೆಯೇ ಪಕ್ಕದಲ್ಲಿ ಕುಳಿತ. ಇಳಿಸುತ್ತಾರೆಂದುಕೊಂಡಿದ್ದ. ಅವರು ನಕ್ಕರು.

"ಬಾ, ನೀ ಬೇಕು. ಕುರುಬನ ಹೆಗಲಿಗೆ ಕೊಡ್ಲಿ ಇದ್ದಽ ಇರ್ತದ. ಅಂವ ಎತ್ತಿದ, ಸಾಹೇಬ್ರು ಜೀವಾ ಉಳಿಸ್ಕೊಳ್ಳಾಕ ಗುಂಡು ಹಾರಿಸಿದ್ರು ಅಂತ ನೀನಽ ಹೇಳಬೇಕು. ತಂಗಿ ಗಂಡನ ವಿರುದ್ಧ ಹೇಳೂದು ನಿನಗೇನು ಹೊಸಾದಲ್ಲ."

ತಿಕೋಟಾದಲ್ಲಿದ್ದ ವಕೀಲರ ಮನೆಯಿಂದ ಜೋಡುನಳಿಗೆ ಬಂದೂಕು ಬಂತು. ಅಲ್ಲಿ ಊರ ಅಗಸೆಬಾಗಿಲ ಮುಂದೆ ಎಮ್ಮೆಗಳು ಅಡ್ಡ ಬಂದಾಗ ವಕೀಲರು ಗಾಡಿ ನಿಲ್ಲಿಸಿ, ಬೇಕೆಂದೇ ಬ್ರೇಕಿನಿಂದ ಕಾಲು ತೆಗೆದರು. ಗಾಡಿ ತನ್ನಷ್ಟಕ್ಕೆ ತೆವಳಿ ಒಂದು ಎಮ್ಮೆಯ ತೊಡೆಗೆ ಗುದ್ದಿತು. "ನೋಡ್ದೇನೋ," ಎಂದರು ಅವರು, ಹೊಸ ಆಟಿಕೆ ಸಿಕ್ಕವರಂತೆ. "ಯಾರ ಕಾಲೂ ಬೇಕಾಗಿಲ್ಲ ಇದಕ್ಕ." ದಾರಿಯುದ್ದಕ್ಕೂ ಬೀರಣ್ಣ ಬೇಡಿಕೊಂಡ. ಅತ್ತ. ಒಮ್ಮೆ ಸ್ಟೀರಿಂಗಿಗೆ ಕೈ ಹಾಕಿದ; ಬಂದೂಕಿನ ಹಿಂಬದಿ ಅವನ ಎರಡು ಹಲ್ಲು ಉದುರಿಸಿತು. ಆಮೇಲೆ ಬಾಯಿತುಂಬ ರಕ್ತ.

ಬಬಲೇಶ್ವರದ ಹಟ್ಟಿ ರಸ್ತೆಯಿಂದ ತುಸು ಇಳಿಜಾರಿನಲ್ಲಿತ್ತು. ಅಮೋಘಿ ಒಂದು ಕುರಿಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದು ಉಣ್ಣೆ ಕತ್ತರಿಸುತ್ತಿದ್ದ. ಕೊಡಲಿ ದೂರದಲ್ಲಿ ಕಲ್ಲುಗೋಡೆಗೆ ಒರಗಿತ್ತು. ವಕೀಲರು ಇಪ್ಪತ್ತು ಮಾರು ಈಚೆ ಗಾಡಿ ನಿಲ್ಲಿಸಿದರು.

"ಕೊಡ್ಲಿ ತಗೋ," ಎಂದು ಕೂಗಿದರು.

ಅಮೋಘಿ ತಲೆ ಎತ್ತಿ, ಬಂದೂಕು ಕಂಡು, ಮೆಲ್ಲಗೆ ಎದ್ದ. "ತಗೊಳ್ಳೂದಿಲ್ರಿ. ಹೊಡಿಯೂದಿದ್ರ ಹಿಂಗಽ ಹೊಡೀರಿ."

ಮುಂದಿನ ಗಾಜು ಗುರಿಗೆ ಅಡ್ಡವಾಗುತ್ತಿತ್ತು. ಅದರ ಮೇಲಿಂದ ಹೊಡೆಯಲು ವಕೀಲರು ಸೀಟಿಗೆ ಸೊಂಟ ಆನಿಸಿ ಎದ್ದು ನಿಂತರು. ನಿಲ್ಲಲು ಇದ್ದದ್ದು ಒಂದೇ ಕಾಲು, ಆ ಕಾಲು ಬ್ರೇಕಿನ ಮೇಲಿತ್ತು. ಜೀವಮಾನವೆಲ್ಲ ಅವರು ಕಂಡ ಗಾಡಿಗಳು ನಿಂತರೆ ನಿಂತೇ ಇರುವ ಗಾಡಿಗಳು. ಹಿಡಿಕೆಯನ್ನು ಖಾಲಿ ಮನೆಗೆ, ನ್ಯೂಟ್ರಲ್ಲಿಗೆ, ತರಬೇಕೆಂಬುದು ಆ ಸಿಟ್ಟಿನಲ್ಲಿ ನೆನಪಾಗಲಿಲ್ಲ. ಕಾಲು ಎತ್ತಿದೊಡನೆ ಗಾಡಿ ಮುಂದಕ್ಕೆ ಹರಿಯಿತು. ಗುಂಡು ಕೆಳಕ್ಕೆ ಹಾರಿ, ಅರ್ಧ ಉಣ್ಣೆ ಕತ್ತರಿಸಿದ್ದ ಕುರಿಯ ಹೊಟ್ಟೆ ಒಡೆಯಿತು. ವಕೀಲರು ತಗ್ಗಾದ ಬಾಗಿಲ ಮೇಲಿಂದ ತಲೆಕೆಳಗಾಗಿ ಬಿದ್ದರು; ಹಿಂದಿನ ಚಕ್ರ ಅವರ ಬಲತೊಡೆಯ ಮೇಲೆ ಹತ್ತಿ ಇಳಿಯಿತು. ಎಲುಬು ಮುರಿದ ಸಪ್ಪಳ ಇಂಜಿನ್ನಿನ ಸಪ್ಪಳದ ಮೇಲೆಯೂ ಕೇಳಿಸಿತು. ಗಾಡಿ ಗೋಡೆಗೆ ಗುದ್ದಿ, ಇನ್ನೂ ಮುಂದಕ್ಕೆ ಒತ್ತುತ್ತಲೇ ಇತ್ತು. ಬೀರಣ್ಣ ಹಿಡಿಕೆ ಎಳೆದು ಖಾಲಿ ಮನೆಗೆ ತಂದ.

ಅವನು ಕೆಳಗೆ ಹಾರುವಷ್ಟರಲ್ಲಿ ಸಕ್ರವ್ವ ಗುಡಿಸಲಿನಿಂದ ಬಂದಿದ್ದಳು. ಕೊಡಲಿಯನ್ನು ಗಂಡನ ಕೈಗೆ ಕೊಟ್ಟವಳು ಅವಳೇ.

"ಈ ಸಲ ಕುತ್ತಿಗಿಗೆ ಹಾಕು," ಎಂದಳು.

ಅಮೋಘಿ ಕೊಡಲಿ ಎತ್ತಿದ. ಬೀರಣ್ಣನಿಗೆ ಮುಂದಿನದೆಲ್ಲ ಒಮ್ಮೆಲೇ ಕಂಡಿತು: ಕೊಡಲಿ ಇಳಿದರೆ ಗಲ್ಲು. ಬಿದ್ದಿದ್ದ ಬಂದೂಕನ್ನು ನಳಿಗೆ ಹಿಡಿದು ಎತ್ತಿ, ಅದರ ಹಿಂಬದಿಯನ್ನು ಅಮೋಘಿಯ ಮೊಣಕೈಗೆ ಬಲವಾಗಿ ಬೀಸಿದ. ಕೈ ಹಿಂದುಮುಂದಾಗಿ ಮಡಚಿತು. ಅವನು ಕುರಿಯ ಪಕ್ಕದಲ್ಲೇ ಕುಸಿದ.

ಸಕ್ರವ್ವ ಅಣ್ಣನ ಮುಖವನ್ನು ಉಗುರಿನಿಂದ ಗೀರಿದಳು. "ಜೇಲಿಗೆ ಹಾಕ್ಸಿದಿ, ಈಗ ಕೈ ಮುರದಿ. ನನ್ನನ್ನೂ ಒಂದು ಹೊಡದು ಮುಗಸು."

"ಇಂವ ಇಲ್ಲಿ ಸತ್ರ ಗಾಡಿ ತಾನಽ ಹೋತು ಅಂತ ಯಾವ ಫೌಜದಾರ ನಂಬ್ತಾನ ಬೇ? ಕಂಬಳಿ ಕೊಡು. ಲಗೂ ಕೊಡು."

ಎರಡೇ ಸೀಟಿನ ಗಾಡಿ. ಅಮೋಘಿಯನ್ನು ತಂಗಿಗೆ ಬಿಟ್ಟು, ವಕೀಲರ ತೊಡೆಗೆ ಕಂಬಳಿ ಬಿಗಿದು, ಅವರನ್ನು ಎಡಗಡೆ ತುಂಬಿಕೊಂಡು ಬೀರಣ್ಣ ವಿಜಾಪುರದ ದಾರಿ ಹಿಡಿದ. ಇಲ್ಲದ ಕ್ಲಚ್ಚಿಗೆ ಅವನ ಎಡಗಾಲು ಹುಡುಕಾಡಿ ಬ್ರೇಕು ತುಳಿಯುತ್ತಿತ್ತು; ಗಾಡಿ ಮುಗ್ಗರಿಸಿದಾಗಲೆಲ್ಲ ವಕೀಲರು ನರಳುತ್ತಿದ್ದರು. ಅರ್ಧದಾರಿಯಲ್ಲಿ ಅವರು ಕಣ್ಣು ಬಿಟ್ಟು, "ಅಮೋಘಿ ಎಳದು ಕೆಡವಿದ ಅಂತ ಹೇಳ್ತೇನಿ," ಎಂದರು. "ಸಾಯಾವನ ಮಾತು ಕೋರ್ಟು ನಂಬ್ತದ."

ಬೀರಣ್ಣ ಗಾಡಿಯನ್ನು ಜೋಳದ ಹೊಲದ ಪಕ್ಕಕ್ಕೆ ತಂದು ನಿಲ್ಲಿಸಿ, ಹಿಡಿಕೆಯನ್ನು ಖಾಲಿ ಮನೆಗೆ ತಂದ. ಕೈ ಕಟ್ಟಿ ಕುಳಿತ.

ಕಂಬಳಿಯಿಂದ ರಕ್ತ ತಗಡಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ಕೊಲ್ತಿ ಏನೋ ನನ್ನ?"

"ಇಲ್ರಿ. ಕುಂತೇನಿ."

ವಕೀಲರ ತುಟಿ ಬೆಳ್ಳಗಾಯಿತು. ಕೊನೆಗೆ ಅವರು ಕೈ ಚಾಚಿ ಹಿಡಿಕೆಯನ್ನು ತಾವೇ ಮುಂದಿನ ಮನೆಗೆ ದೂಡಿದರು. "ಗಾಡಿ ತಾನಽ ಹೋತು. ನಡಿ."

ಆಸ್ಪತ್ರೆಯ ಅಂಗಳದಲ್ಲಿ, ಸ್ಟ್ರೆಚರ್ ಮೇಲೆ, ಅವರು ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸ್ ಫೌಜದಾರರಿಗೆ ಅಷ್ಟನ್ನೇ ಹೇಳಿದರು. ಒಳಗೆ ಒಯ್ದ ಮೇಲೆ ಫೌಜದಾರರು ಬರೆಯುವುದನ್ನು ನಿಲ್ಲಿಸಿ, ಬೀರಣ್ಣನ ಒಡೆದ ಬಾಯಿ, ಗೀರಿದ ಮುಖ ನೋಡಿದರು. ಬೆತ್ತದಿಂದ ಅವನ ಪಕ್ಕೆಗೆ ತಿವಿದರು.

"ಗಾಡಿ ತಾನಽ ಹೋತು? ಯಾರ ಮುಂದ ಹೇಳ್ತಿ ಮಗನ ಈ ಮಾತು?"

"ಮುಂದ ನಿಂದರ್ರಿ ಸಾಹೇಬ್ರ," ಎಂದ ಬೀರಣ್ಣ.

ಅವನು ಹತ್ತಿ ಕುಳಿತು ಇಂಜಿನ್ ಎಬ್ಬಿಸಿದ. ಹಿಡಿಕೆಯನ್ನು ಮುಂದಿನ ಮನೆಗೆ ಹಾಕಿದ. ಆಮೇಲೆ ಎಲ್ಲರೂ ನೋಡುವಂತೆ ಎರಡೂ ಕಾಲುಗಳನ್ನು ಎತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿದ, ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡ. ಗಾಡಿ ತೆವಳತೊಡಗಿತು. ಫೌಜದಾರರು ಒಂದು ಹೆಜ್ಜೆ ಹಿಂದೆ ಸರಿದರು, ಇನ್ನೊಂದು ಸರಿದರು, ಬೆತ್ತದಿಂದ ಅದರ ಮೂತಿಗೆ ಹೊಡೆದರು. ಅದು ನಿಲ್ಲಲಿಲ್ಲ. ಬೆನ್ನಿಗೆ ಆಸ್ಪತ್ರೆಯ ಗೋಡೆ ಬಡಿದಾಗ ಅವರ ಮುಖದಲ್ಲಿ ನಂಬಿಕೆ ಬಂದಿತ್ತು.

ಬೀರಣ್ಣ ಆಗ ಕಾಲನ್ನು ಬ್ರೇಕಿಗೆ ಇಳಿಸಿದ.