ಬ್ಯಾಂಡ್ ಮೇಷ್ಟ್ರ ದವಡೆಯ ಅಳತೆ

ಬ್ಯಾಂಡ್ ಮೇಷ್ಟ್ರಿಗೆ ಮೂರು ವಾರದಿಂದ ಟ್ರಂಪೆಟ್ ಎತ್ತಲು ಭಯ. ವಾದ್ಯವನ್ನು ತುಟಿಗೆ ಒತ್ತಿದರೆ ಸಾಕು, ಮೇಲಿನ ಎರಡು ಮುಂದಿನ ಹಲ್ಲುಗಳು ಒಳಕ್ಕೆ ಸರಿದಂತಾಗುತ್ತಿತ್ತು. ಹಲ್ಲುಜ್ಜಿದಾಗಲೆಲ್ಲ ರಕ್ತ. ಶಾಲೆಯೊಂದರ ಕಾರ್ಯಕ್ರಮದಲ್ಲಿ ಸ್ವರ ಒಡೆದು, ಮುಂದಿನ ಸಾಲಿನ ಮಕ್ಕಳು ಕಿಸಕ್ಕನೆ ನಕ್ಕರು. ಮೂವತ್ತು ವರ್ಷ ಊದಿದ ಮನುಷ್ಯ ಮನೆಗೆ ಬಂದು ವಾದ್ಯವನ್ನು ಪೆಟ್ಟಿಗೆಗೆ ಹಾಕಿಬಿಟ್ಟರು.

“ಹಲ್ಲು ಅಲ್ಲಾಡಿದ ಮೇಲೆ ಕಥೆ ಮುಗೀತು. ಎರಡನ್ನೂ ಕೀಳಿಸಿಬಿಡ್ತೀನಿ,” ಎಂದರು.

“ಸ್ವಲ್ಪ ತಡೀರಿ. ನನ್ನ ತಂಗೀನ ಒಂದು ಮಾತು ಕೇಳೋಣ,” ಎಂದಳು ಹೆಂಡತಿ.

ತಂಗಿ ಹಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಬಂದವಳೇ ಭಾವನ ಬಾಯಿಗೆ ಟಾರ್ಚ್ ಬಿಟ್ಟಳು.

“ಒಸಡು ಬಾತಿದೆ ಭಾವ. ಹಲ್ಲನ್ನು ಹಿಡಿದಿರೋ ಮೂಳೆ ಸವೀತಾ ಇರಬಹುದು. ಎಷ್ಟು ಸವೆದಿದೆ ಅಂತ ನೋಡದೆ ಕೀಳಿಸೋದಾ?”

“ಎಕ್ಸ್‌ರೇ ಆಗಲೇ ತೆಗೆಸಿದ್ದೀನಮ್ಮ. ಸರಿಯಾಗಿ ಗೊತ್ತಾಗ್ತಿಲ್ಲ ಅಂದ್ರು ಡಾಕ್ಟರು, ತ್ರೀ-ಡಿ ಸ್ಕ್ಯಾನ್ ಬರೆದುಕೊಟ್ರು. ನಾನು ಚೀಟಿ ಜೇಬಿಗಿಟ್ಟು ಬಂದೆ. ಎಷ್ಟು ಸಲ ಅಂತ ಫೋಟೋ ತೆಗೆಸೋದು? ನಾನೇನು ಮದುವೆ ಗಂಡಾ?”

ನಾದಿನಿ ನಕ್ಕಳು. “ಗೋಡೆ ಎದುರು ನಿಂತರೆ ಅದರ ಅಗಲ ಕಾಣುತ್ತೆ, ದಪ್ಪ ಕಾಣುತ್ತಾ? ಮಾಮೂಲಿ ಎಕ್ಸ್‌ರೇಲಿ ಹಲ್ಲಿನ ಅಕ್ಕಪಕ್ಕದ ಮೂಳೆ ಕಾಣುತ್ತೆ. ಹಿಂದಿನದು, ಮುಂದಿನದು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತೆ. ತ್ರೀ-ಡಿ ಸ್ಕ್ಯಾನಲ್ಲಿ ಸುತ್ತಲೂ ಅಳೀಬಹುದು, ಮಿಲಿಮೀಟರ್ ಲೆಕ್ಕದಲ್ಲಿ.”

“ತಲೆಗೆ ಅಷ್ಟೊಂದು ಕಿರಣ?”

“ಸಣ್ಣ ಎಕ್ಸ್‌ರೇಗಿಂತ ಜಾಸ್ತೀನೇ, ಸುಳ್ಳು ಹೇಳಲ್ಲ. ಅದಕ್ಕೇ ಎಲ್ಲರಿಗೂ ಬರೆಯಲ್ಲ. ನಿಮಗೆ ಬರೆದಿದ್ದಾರೆ ಅಂದ್ರೆ ಕಾರಣ ಇದೆ.”

ಮರುದಿನ ಆಸ್ಪತ್ರೆಯಲ್ಲಿ ಮೇಷ್ಟ್ರು ಕನ್ನಡಕ ತೆಗೆದಿಟ್ಟು, ಗದ್ದವನ್ನು ಸ್ಕ್ಯಾನ್ ಯಂತ್ರದ ಆಸರೆಯ ಮೇಲಿಟ್ಟು, ಕಡ್ಡಿಯೊಂದನ್ನು ಕಚ್ಚಿ ನಿಂತರು. ಯಂತ್ರ ಗುಂಯ್ ಎನ್ನುತ್ತ ತಲೆಯ ಸುತ್ತ ಒಂದು ಸುತ್ತು ಬಂತು. ಅರ್ಧ ನಿಮಿಷವೂ ಆಗಲಿಲ್ಲ. ನೋವೇ ಇಲ್ಲ.

ಪರದೆಯ ಮೇಲೆ ಅವರ ದವಡೆ ತಿರುಗತೊಡಗಿತು. ಚೀಟಿ ಬರೆದುಕೊಟ್ಟಿದ್ದ ಡಾಕ್ಟರಮ್ಮ ಅದನ್ನು ಪದರ ಪದರವಾಗಿ ಬಿಡಿಸಿ, ಹಲ್ಲಿನ ಬುಡದಲ್ಲಿ ಗೆರೆ ಎಳೆದು ಅಳೆದರು.

“ಎಡಗಡೇದಕ್ಕೆ ಮೂಳೆ ಉಳಿದೇ ಇಲ್ಲ, ಕೀಳಲೇಬೇಕು. ಬಲಗಡೇದು ನೋಡಿ. ಹಿಂದೆ ನಾಲ್ಕು ಮಿಲಿಮೀಟರ್ ಗುಂಡಿ ಇದೆ, ಉಳಿದ ಮೂರು ಕಡೆ ಮೂಳೆ ಗಟ್ಟಿ. ಇದನ್ನು ಉಳಿಸೋಕೆ ನೋಡೋಣ.”

ಮೇಷ್ಟ್ರು ಬಾಯಿ ಮುಚ್ಚುವುದನ್ನೇ ಮರೆತರು. “ನನ್ನ ಬಾಯೊಳಗಿನ ಗುಟ್ಟು, ನನಗೇ ಗೊತ್ತಿರಲಿಲ್ಲ! ನೀವು ಅದರ ಅಳತೆ ಹೇಳ್ತಿದ್ದೀರಲ್ಲ ತಾಯಿ!” ನಾದಿನಿಯ ಕಡೆ ತಿರುಗಿದರು. “ನೀನು ದಿನಾ ಮಾಡೋ ಕೆಲಸ ಇದೇನಾ? ಬರೀ ಗುಂಡಿ ಒತ್ತೋದು ಅಂದ್ಕೊಂಡಿದ್ದೆ ಕಣಮ್ಮ.”

ಒಂದು ಹಲ್ಲು ಹೋಯಿತು, ಆ ಜಾಗಕ್ಕೆ ಹಲ್ಲು ಕಟ್ಟಿಸಿದರು. ಇನ್ನೊಂದಕ್ಕೆ ಒಸಡಿನೊಳಗೆ ಶುಚಿ ಮಾಡಿ, ಸಣ್ಣ ಶಸ್ತ್ರಚಿಕಿತ್ಸೆಯಾಯಿತು. ಏಳು ತಿಂಗಳ ಮೇಲೆ ಡಾಕ್ಟರಮ್ಮನ ಒಪ್ಪಿಗೆ ಪಡೆದು ಮೇಷ್ಟ್ರು ಮತ್ತೆ ಊದಲು ಕೂತರು. ಮೊದಮೊದಲು ದಿನಕ್ಕೆ ಹತ್ತೇ ನಿಮಿಷ. ಹೆಂಡತಿ ಅಡುಗೆಮನೆಯ ನಲ್ಲಿ ನಿಲ್ಲಿಸಿ ಕೇಳುತ್ತಿದ್ದಳು.

ತಮ್ಮ ಬ್ಯಾಂಡಿನ ಡ್ರಮ್ಮಿನವನ ಒಸಡಿನಲ್ಲಿ ರಕ್ತ ಎಂದು ಗೊತ್ತಾದ ದಿನ ಮೇಷ್ಟ್ರೇ ಅವನನ್ನು ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದರು. ಅವನಿಗೆ ಸ್ಕ್ಯಾನ್ ಬೇಕಾಗಲೇ ಇಲ್ಲ. ಬೇಗ ಹೋಗಿದ್ದರಿಂದ ಹಲ್ಲು ಶುಚಿ ಮಾಡಿಸಿದ್ದೇ ಸಾಕಾಯಿತು.

ಅಕ್ಕ, ಅಣ್ಣ, ನಿಮ್ಮ ಒಸಡಿನಲ್ಲಿ ರಕ್ತ ಬರುತ್ತಿದೆಯೇ? ಹಲ್ಲು ಸಡಿಲವಾಗಿದೆಯೇ? ಇವತ್ತೇ ಹಲ್ಲಿನ ವೈದ್ಯರ ಬಳಿ ಹೋಗಿ. ಅವರು ಸ್ಕ್ಯಾನ್ ಬರೆದುಕೊಟ್ಟರೆ ಯಾಕೆ ಎಂದು ಕೇಳಿ ತಿಳಿದುಕೊಳ್ಳಿ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಆದರೆ ಚೀಟಿಯನ್ನು ಜೇಬಿನಲ್ಲೇ ಇಟ್ಟುಕೊಂಡು ಕೂರಬೇಡಿ. ಕಿತ್ತ ಹಲ್ಲು ಮತ್ತೆ ಚಿಗುರುವುದಿಲ್ಲ.