ಉರಿಯುವ ಬೆರಳಿನ ಪದ

ಇಸಾಕಸಾಬನ ಮುಖವನ್ನು ಪೂರ್ತಿಯಾಗಿ ಕಂಡವರು ಬ್ಯಾಡಗಿಯಲ್ಲಿ ಕಡಿಮೆ. ಮೆಣಸಿನಕಾಯಿ ಪೇಟೆಯಲ್ಲಿ ಚೀಲದ ಬಾಯಿ ಹೊಲಿಯುವವರೆಲ್ಲ ಘಾಟಿಗೆ ಅಂಜಿ ಮೂಗಿಗೆ ಟವೆಲು ಸುತ್ತಿಕೊಳ್ಳುವುದು ವಾಡಿಕೆ. ಸಂಜೆ ಪೇಟೆ ದಾಟಿದೊಡನೆ ಅದನ್ನು ಬಿಚ್ಚಿ ಹೆಗಲಿಗೆ ಎಸೆದುಕೊಳ್ಳುವುದೂ ಅಷ್ಟೇ ವಾಡಿಕೆ. ಇಸಾಕಸಾಬ ಮಾತ್ರ ಬಿಚ್ಚುತ್ತಿರಲಿಲ್ಲ. ಚಹಾದಂಗಡಿಯಲ್ಲಿ ಕುಳಿತರೆ ಚಹಾ ತುಂಬಿದ ಬಸಿತಟ್ಟೆ ಟವೆಲಿನ ಒಳಗೆ ಹೋಗಿ ಬರಿದಾಗಿ ಹೊರಗೆ ಬರುತ್ತಿತ್ತು. ನಗುತ್ತಿದ್ದಾನೋ ಸಿಟ್ಟಾಗಿದ್ದಾನೋ ಕಣ್ಣು ನೋಡಿಯೇ ಊಹಿಸಬೇಕು. ತುಸು ಮುಂದಕ್ಕೆ ಬಾಗಿ, ದಬ್ಬಣವಿಲ್ಲದ ಬಲಗೈಯನ್ನು ಚೀಲ ಹೊಲಿಯುವವನಂತೆ ಎತ್ತಿ ಇಳಿಸುತ್ತ ಅವನು ಬೀದಿಯಲ್ಲಿ ಬಂದನೆಂದರೆ, ಒಳಗೆ ಪದವೊಂದು ನಡೆದಿದೆ ಎಂದು ತಿಳಿದು ಜನ ದಾರಿ ಬಿಡುತ್ತಿದ್ದರು.

ಟವೆಲು ಇಳಿಯುತ್ತಿದ್ದುದು ಪದ ಹೇಳುವಾಗ ಮಾತ್ರ. ಮೊಹರಂ ಬಂತೆಂದರೆ ಊರೂರ ಮೇಳಗಳು ಹೆಜ್ಜೆ ಹಾಕುತ್ತ ಹಾಡುವ ನೀರಡಿಸಿ ಮಡಿದವರ ಕರ್ಬಲಾ ಕಾಳಗದ ಪದಗಳನ್ನು ಕಟ್ಟಿಕೊಡುವುದರಲ್ಲಿ ಅವನ ಹೆಸರು ಹಾವೇರಿಯಿಂದ ಕಾಗಿನೆಲೆಯವರೆಗೆ ಹಬ್ಬಿತ್ತು. ಹಾವೇರಿಯ ಮೇಳದವರು ಮೆಚ್ಚಿ ತೊಡಿಸಿದ ಕರಿ ಉಣ್ಣೆಯ ಕೋಟನ್ನು ಅವನು ಕಡು ಬೇಸಗೆಯಲ್ಲೂ ಹಬ್ಬದ ದಿನ ತೊಡುತ್ತಿದ್ದ. ಅಕ್ಷರ ಬಾರದವನು; ಮನೆಯ ಮುಂದಿನ ಹಗ್ಗ ಹೆಣೆದ ಹೊರಸಿನ ಸುತ್ತ ಮೇಳದವರನ್ನು ಕೂಡಿಸಿಕೊಂಡು ಬಾಯಿಂದ ಬಾಯಿಗೇ ಕಲಿಸುತ್ತಿದ್ದ. ಒಂದು ಊರಿನವರು ಏಳುವಷ್ಟರಲ್ಲಿ ಇನ್ನೊಂದು ಊರಿನವರು ಬಂದು ಕೂಡುವರು. ಎಲ್ಲರಿಗೂ ಕುದುರೆ ಬೇಕು, ಕತ್ತಿ ಬೇಕು, ತಾಯಂದಿರ ಅಳು ಬೇಕು, ಎದುರಿನ ಮೇಳಕ್ಕೊಂದು ಕುಟುಕು ಬೇಕು.

"ಕಾಕಾ, ರಾಣೆಬೆನ್ನೂರಾಗ ಹೊಸಾ ಸಿನಿಮಾದ ಕ್ಯಾಸೆಟ್ ಬಂದೈತಿ. ಅದರ ಧಾಟಿಗೇ ಕೂಡಿಸಿಕೊಡ್ರಿ" ಎಂದು ಅವನ ಓಣಿಯ ಮೇಳದ ಮುಂದಾಳು ಫಕ್ಕೀರೇಶ ಹೇಳಿದರೆ, ಅದಕ್ಕೂ ಹ್ಞೂಂ. ಇಲ್ಲವೆನ್ನುವ ಮಾತು ಆ ಟವೆಲಿನಿಂದ ಹೊರಬಿದ್ದದ್ದೇ ಇಲ್ಲ.

ಎಂಬತ್ತೆಂಟನೆಯ ಇಸವಿಯಲ್ಲಿ ಆಗಬಾರದ್ದು ಆಯಿತು. ಮೊಹರಮ್ಮಿನ ಪಂಜಾ ದೇವರು ಹೊಳೆಗೆ ಹೋಗುವ ಕೊನೆಯ ದಿನ, ಜಿಟಿಜಿಟಿ ಮಳೆಯಲ್ಲಿ, ಹಳ್ಳದ ದಂಡೆಯ ಮೇಲೆ ಕಾಗಿನೆಲೆ ಕಡೆಯದೊಂದು ಮೇಳ, ಕದರಮಂಡಲಗಿ ಕಡೆಯದೊಂದು ಮೇಳ ಎದುರುಬದುರು ನಿಂತವು. ಒಬ್ಬರು ಎತ್ತಿದ ಪದವನ್ನೇ ಇನ್ನೊಬ್ಬರೂ ಎತ್ತಿದರು. ಅದೇ ಕುದುರೆ, ಅದೇ ಕತ್ತಿ, ಅದೇ ತಾಯಿ. ಕೊನೆಯ ನುಡಿಯಲ್ಲಿ ಊರಿನ ಹೆಸರಷ್ಟೇ ಬೇರೆ. ಹಬ್ಬದ ಧಾವಂತದಲ್ಲಿ ಯಾರಿಗೆ ಯಾವುದನ್ನು ಕೊಟ್ಟೆನೆಂಬುದೇ ಇಸಾಕಸಾಬನಿಗೆ ಮರೆತುಹೋಗಿತ್ತು. ಕಾಲ್ಗೆಜ್ಜೆಗಳು ಒಮ್ಮೆಲೇ ನಿಂತವು.

"ಏನ್ ಸಾಬರ, ಒಬ್ಬಾಕಿನ್ನ ಎರಡ ಮನಿಗೆ ಕೊಟ್ಟೀರಲ್ಲರಿ" ಎಂದು ಯಾರೋ ಕೂಗಿದರು. ದಂಡೆಗೆ ದಂಡೆಯೇ ನಕ್ಕಿತು. ಇಸಾಕಸಾಬನ ಕಣ್ಣುಗಳೂ ನಕ್ಕವು. ಟವೆಲಿನ ಒಳಗೆ ಏನಾಯಿತೋ ಯಾರೂ ಕಾಣಲಿಲ್ಲ.

ಮನೆಯಲ್ಲಿ ನಗದೆ ಇದ್ದವಳು ಅವನ ಹೆಂಡತಿ ಜೈತೂನಬಿ. ಪೇಟೆಯಿಂದ ತಂದ ಮೆಣಸಿನಕಾಯಿಯ ತೊಟ್ಟು ಬಿಡಿಸುವುದು ಅವಳ ದಿನದ ಕೆಲಸ. ರಾಶಿಯ ಮುಂದೆ ಕುಳಿತು ತಲೆ ಎತ್ತದೆಯೇ ಅಂದಳು: "ಊರೂರ ತಾಯಂದಿರ ಅಳು ಕಟ್ಟಿ ಕೊಟ್ರಿ. ಮನ್ಯಾಗಿನಾಕಿ ಹೆಂಗ ಅಳತಾಳ, ಒಂದ ದಿನಾನಾರ ನೋಡೀರೇನು?"

ಅವನು ನೋಡಿರಲಿಲ್ಲ.

ಮುಂದಿನ ಮೊಹರಮ್ಮಿಗೆ ಮೇಳದವರು ಬಂದಾಗ "ಈ ಸಲ ಇಲ್ಲರಿ" ಅಂದ. ಸೊಕ್ಕು ಬಂದಿದೆ ಎಂದರು ಕೆಲವರು. ಸರಕು ತೀರಿದೆ ಎಂದರು ಉಳಿದವರು. ಮರುವರ್ಷ ಬರುವವರು ವಿರಳವಾದರು, ಅದರ ಮುಂದಿನ ವರ್ಷ ಯಾರೂ ಬರಲಿಲ್ಲ. ಹೊರಸು ಬರಿದಾಯಿತು. ಓಣಿಯ ಮೇಳ ಅವನ ಮನೆಯ ಮುಂದೆ ಹಾದು ಹೋಗುವಾಗ ಹೆಜ್ಜೆಯನ್ನು ತುಸು ಚುರುಕು ಮಾಡುತ್ತಿತ್ತು. ಆ ಸದ್ದು ತಿರುವಿನಲ್ಲಿ ಅಡಗುವವರೆಗೂ ಅವನು ಕೋಟು ತೊಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದ. ಒಳಗೊಂದು ಪದ ಇತ್ತು. ತನ್ನದೇ ಎನ್ನುವಂಥ ಒಂದು ಹುಟ್ಟುತ್ತದೋ, ಅಥವಾ ಜೀವಮಾನವೆಲ್ಲ ಕಟ್ಟಿದ್ದು ಮಂದಿಯ ಪದಗಳೇ ಆದವೋ ಎಂಬ ಅಂಜಿಕೆ ಅವನನ್ನು ಮೆಣಸಿನ ಘಾಟಿನಂತೆ ಕಾಡುತ್ತಿತ್ತು. ಆ ಪದದಿಂದ ಅವನು ಮೊದಲು ಸಿನಿಮಾದ ಧಾಟಿಯನ್ನು ಬಿಟ್ಟ. ಆಮೇಲೆ ಕುದುರೆಯನ್ನು. ಕತ್ತಿಯನ್ನು ಬಿಡಲು ಬಹಳ ಕಾಲ ಹಿಡಿಯಿತು, ಏಕೆಂದರೆ ಕುಣಿತ ಎಲ್ಲ ಇರುವುದೇ ಅದರಲ್ಲಿ. ಕೊನೆಗೆ ಉಳಿದದ್ದು ಒಬ್ಬ ತಾಯಿ, ನೀರಡಿಸಿದ ಒಂದು ಕೂಸು.

ಅದನ್ನು ಮೊದಲು ಕೇಳಿಸಿದ್ದು ಫಕ್ಕೀರೇಶನಿಗೆ.

ಅಳುವ ಕೂಸಿನ ಕಣ್ಣ ಒರಸಲಿಲ್ಲ ತಾಯಿ
ಉರಿಯುವ ಬೆರಳ ಹಿಂದ ತಗದಾಳ
ತೋಳಾಗ ಮಾರಿ ಮುಚ್ಚಿ ತಾನೂ ಅತ್ತಾಳ
ನೀರಿಗೆ ಹೋದಾವ ಬರಲಿಲ್ಲ

ಫಕ್ಕೀರೇಶ ಇನ್ನಷ್ಟು ಬರಲೆಂದು ಕಾದ. ಬರಲಿಲ್ಲ. "ಕಾಕಾ, ಬೆರಳ ಯಾಕ ಉರಿತಾವ?"

"ಮೆಣಸಿನಕಾಯಿ ಬಿಡಿಸಿದ ಕೈ ಅಲ್ಲೇನಪಾ."

"ಕರ್ಬಲಾದಾಗ ಮೆಣಸಿನಕಾಯಿ ಪ್ಯಾಟಿ ಯಾವಾಗ ಆತ್ರಿ?" ಎಂದು ಅವನು ನಕ್ಕ, ಮುದುಕನ ಮನಸ್ಸಿಗೆ ನೋವಾದೀತೆಂದು ನಗುವನ್ನು ಅರ್ಧಕ್ಕೇ ತಡೆದ. "ಇದಕ್ಕ ಹೆಜ್ಜಿ ಕೂಡೂದಿಲ್ಲ ಕಾಕಾ. ಹುಡುಗೂರು ಕುಣಿಯೂದು ಹೆಂಗ?"

"ಕುಣಿಯೂದ ಬ್ಯಾಡ ಬಿಡೋ" ಎಂದ ಇಸಾಕಸಾಬ.

ಚಂದ್ರನ ಲೆಕ್ಕದ ಮೊಹರಂ ಸರಿಯುತ್ತ ಸರಿಯುತ್ತ ಬೇಸಗೆಗೆ ಬಂದ ವರ್ಷ ಅದು. ಕೊನೆಯ ದಿನ ಮೇಳ ಹಳ್ಳದ ಕಡೆ ಹೋಗಿ ಓಣಿ ಖಾಲಿಯಾದ ಮೇಲೆ, ಉರಿಬಿಸಿಲಿನಲ್ಲಿ, ಕರಿ ಕೋಟಿನ ಗುಂಡಿ ಹಾಕಿಕೊಂಡು ಅವನು ಹೊರಸಿನ ಮೇಲೆ ಕುಳಿತು ಟವೆಲು ಇಳಿಸಿದ. ದೊಡ್ಡ ಧ್ವನಿ ಮಾಡಲಿಲ್ಲ. ಎದುರಿಗೆ ಯಾರೂ ಇರಲಿಲ್ಲ. ಬೆನ್ನ ಹಿಂದೆ ಬಾಗಿಲ ಒಳಗೆ ಜೈತೂನಬಿಯ ಕೈಯಲ್ಲಿ ತೊಟ್ಟುಗಳು ಚಟ್ ಚಟ್ ಎನ್ನುತ್ತಿದ್ದವು. ಮೂರನೆಯ ಸಾಲಿಗೆ ಬಂದಾಗ ಆ ಸದ್ದು ನಿಂತಿತು. ಅವನು ತಿರುಗಿ ನೋಡಿದ. ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು, ರಟ್ಟೆಯ ಮೇಲ್ಭಾಗಕ್ಕೆ ಮುಖವೊತ್ತಿ ಕುಳಿತಿದ್ದಳು.

"ಘಾಟ ಭಾಳ ಐತಿ ಇವತ್ತ" ಎಂದಳು ಜೈತೂನಬಿ. ಮತ್ತೊಂದು ಕಾಯಿ ಕೈಗೆತ್ತಿಕೊಂಡು, "ಮುಂದ?" ಎಂದಳು.

"ಮುಂದ ಇಲ್ಲ. ಇಷ್ಟ."

ಮುಂದೆಯೂ ಅವನು ಬೇರೆ ಪದ ಕಟ್ಟಲಿಲ್ಲ. ವರ್ಷವರ್ಷವೂ ಮೇಳ ದಾಟಿದ ಮೇಲೆ ಆ ನಾಲ್ಕು ಸಾಲನ್ನೇ ಹೇಳುತ್ತಿದ್ದ. ಹೊರಸಿನ ಸುತ್ತ ಯಾರೂ ಬಂದು ಕೂಡಲಿಲ್ಲ. ಹೀಗೆ ಪದ ಕಡಿಮೆ ಮಾಡಿಕೊಂಡವರನ್ನು ಲೋಕ ಬತ್ತಿದವರೆಂದು ತಿಳಿದು ಮುಂದೆ ಸಾಗುತ್ತದೆ, ಸಾಗುವುದು ಅದರ ಸ್ವಭಾವ. ಇಂಥವರು ಹಿಂದೆ ಉಳಿಯುವುದು ಹಟದಿಂದಲ್ಲ, ವೈರಾಗ್ಯದಿಂದಲೂ ಅಲ್ಲ. ಎಲ್ಲರ ಅಳುವನ್ನೂ ಹಾಡಿ ದಣಿದ ಗಂಟಲಿಗೆ ತನ್ನ ಮನೆಯ ಅಳುವಿನ ದನಿ ಒಮ್ಮೆ ಸಿಕ್ಕಿಬಿಟ್ಟರೆ, ಆಮೇಲೆ ಬೇರೆಯದನ್ನು ಎತ್ತಲು ಅದಕ್ಕೆ ಮನಸ್ಸಾಗುವುದಿಲ್ಲ. ಅಂಥವರ ಬಾಗಿಲಲ್ಲಿ ಗುಂಪು ಕೂಡುವುದಿಲ್ಲ. ಒಳಗೆ ಎಲ್ಲೋ ನಡೆಯುತ್ತಿದ್ದ ಒಂದು ಕೆಲಸ, ಒಂದು ಗಳಿಗೆ, ನಿಲ್ಲುತ್ತದೆ.