ಎಂಬತ್ತು ಕೆ.ಬಿ.

“ಫೋಟೊ ಬೇಗ ಸಣ್ಣದು ಮಾಡ್ರಿ ಅಕ್ಕ, ಪೇಪರ್‌ನೋರು ಕಾಯ್ತಾ ಅವ್ರೆ,” ಎಂದು ರವೀಂದ್ರ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟ. ಅವನು ಒಂದು ಪತ್ರಿಕೆಗೆ ಸುದ್ದಿ ಕಳಿಸುವವನು. ಬೆಳಿಗ್ಗೆ ಧರ್ಮಪುರದ ರಸ್ತೆಯಲ್ಲಿ ಶೇಂಗಾ ಕೀಳಲು ಹೊರಟಿದ್ದ ಕೂಲಿಯವರ ಟೆಂಪೊ ಪಲ್ಟಿಯಾಗಿತ್ತು.

ಸರ್ವಮಂಗಳ ಹಿರಿಯೂರಿನ ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. 2004ರ ಮಾತು. ಇಂಟರ್‌ನೆಟ್ ಟೆಲಿಫೋನ್ ತಂತಿಯಲ್ಲಿ ಬರುತ್ತಿತ್ತು. ದೊಡ್ಡ ಫೋಟೊ ಹಾಗೇ ಕಳಿಸಿದರೆ ಅರ್ಧಕ್ಕೇ ಲೈನ್ ಕಡಿದುಹೋಗುತ್ತಿತ್ತು. ಎಂಬತ್ತು ಕೆ.ಬಿ.ಗೆ ಇಳಿಸಿದರೆ ಎರಡು ನಿಮಿಷದ ಕೆಲಸ. ಮದುವೆಗೆ ಬಂದ ಹೆಣ್ಣುಮಕ್ಕಳ ಫೋಟೊಗಳು, ಸೈಟಿನ ನಕ್ಷೆಗಳು, ಎಲ್ಲವನ್ನೂ ಅವಳು ಹೀಗೇ ಕುಗ್ಗಿಸಿ ಕಳಿಸಿದ್ದಳು.

ನಾಲ್ಕು ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿಕೊಂಡು ಒಂದೊಂದಾಗಿ ತೆರೆದಳು. ಮೊದಲನೆಯದರಲ್ಲಿ ಮಗುಚಿದ ಟೆಂಪೊ. ಎರಡನೆಯದರಲ್ಲಿ ಅದರ ಅಡಿಯಿಂದ ಎದೆಯವರೆಗೆ ಹೊರಗಿದ್ದ ಹೆಂಗಸೊಬ್ಬಳು ಕ್ಯಾಮೆರಾದ ಕಡೆ ನೋಡುತ್ತ ಕೈಯೆತ್ತಿದ್ದಳು. ಮೂಲೆಯಲ್ಲಿ ಫೋಟೊ ತೆಗೆದ ಹೊತ್ತಿನ ಕಿತ್ತಳೆ ಬಣ್ಣದ ಅಂಕಿ, 9:42. ಮೂರನೆಯದು ಇನ್ನೂ ಹತ್ತಿರದ್ದು, 9:45. ನಾಲ್ಕನೆಯದರ ಹೊತ್ತಿಗೆ 9:53. ಕೈ ಮಣ್ಣಿನ ಮೇಲಿತ್ತು.

“ಇವಳಿಗೆ ಜೀವ ಇತ್ತಲ್ಲಪ್ಪ.”

“ಆವಾಗ ಇತ್ತು. ಉಳ್ದೋರ್ಗೆಲ್ಲ ಪೆಟ್ಟಾಗಿತ್ತು, ಟೆಂಪೊ ಎತ್ತಾಕೆ ನಾನೊಬ್ನೇ ಏನ್ ಮಾಡ್ಲಿ? ಮೂರನೇದು ಕಳ್ಸ್ರಿ, ಕಣ್ಣು ಚೆನ್ನಾಗಿ ಬಂದವೆ.”

“ನೀರಾದ್ರೂ ಕುಡಿಸಿದ್ಯಾ?”

ರವೀಂದ್ರ ಗೋಡೆಯ ಗಡಿಯಾರ ನೋಡಿದ.

ಅವಳ ಕೈ ಅಭ್ಯಾಸದಂತೆ ಮೂರನೆಯದರ ಮೇಲೆ ಕೆಲಸ ಮಾಡಿತು. ಅಳತೆ ತಗ್ಗಿದಂತೆಲ್ಲ ಹೆಂಗಸಿನ ಕೆನ್ನೆ, ತೋಳಿನ ಮೇಲಿನ ರಕ್ತ, ಮಣ್ಣು ಚೌಕ ಚೌಕವಾಗಿ ಒಡೆದವು. “ಮುಖ ಹಾಳಾತು, ಸ್ವಲ್ಪ ಕ್ವಾಲಿಟಿ ಜಾಸ್ತಿ ಮಾಡ್ರಿ,” ಎಂದು ಅವನು ಅವಳ ಭುಜದ ಮೇಲಿಂದ ಬಗ್ಗಿದ. ಅವನ ಬಾಯಿಂದ ಬೋಂಡದ ಎಣ್ಣೆಯ ವಾಸನೆ ಬಂತು. ದಾರಿಯಲ್ಲಿ ತಿಂಡಿ ತಿಂದೇ ಬಂದಿದ್ದ. ಸರ್ವಮಂಗಳ ಆ ಫೋಟೊ ಮುಚ್ಚಿದಳು.

“ಬರೀ ಟೆಂಪೊ ಇರೋದನ್ನ ಕಳಿಸ್ತೀನಿ. ಬೇರೇದು ನನ್ ಕೈಲಿ ಆಗಲ್ಲ. ನಡಿಯಪ್ಪ, ಆಚೆ ಹೋಗು.”

ಅವನು ಗೊಣಗುತ್ತ ಕ್ಯಾಮೆರಾ ಎತ್ತಿಕೊಂಡು ಇನ್ನೊಂದು ಸೆಂಟರಿಗೆ ಹೋದ. ಮರುದಿನದ ಪತ್ರಿಕೆಯಲ್ಲಿ ಮೂರನೆಯ ಫೋಟೊವೇ ಇತ್ತು.

ಮೂರು ದಿನದ ಮೇಲೆ ಹರಿಯಬ್ಬೆಯ ಜಂಪಣ್ಣ ಆ ಪತ್ರಿಕೆಯ ಚೂರು ಹಿಡಿದು ಬಂದ. ಫೋಟೊದಲ್ಲಿದ್ದವಳು ಅವನ ಹೆಂಡತಿ ಜುಂಜಮ್ಮ.

“ಆ ಇನ್ನೊಂದ್ ಸೆಂಟರ್‌ನೋರು ಫೋಟೊ ಇಲ್ಲೈತೆ ಅಂದ್ರು ತಾಯಿ. ಮನೇಲಿ ಅವಳ್ದು ಒಂದೂ ಇಲ್ಲ. ಗಾಡಿ ತೆಗ್ದು ಮುಖ ಒಂದೇ ಮಾಡ್ಕೊಡ್ರಿ.”

ಅವಳು ಕಂಪ್ಯೂಟರಿನಲ್ಲೇ ಉಳಿದಿದ್ದ ಎರಡನೆಯದನ್ನು ತೆರೆದಳು. ಅವನಿಗೆ ಕಾಣದಂತೆ ಪರದೆಯನ್ನು ತನ್ನ ಕಡೆ ತಿರುಗಿಸಿ, ಟೆಂಪೊ, ಎತ್ತಿದ ಕೈ, ಕಿತ್ತಳೆ ಅಂಕಿ ಎಲ್ಲವನ್ನೂ ಕತ್ತರಿಸಿದಳು. ಈ ಸಲ ಏನನ್ನೂ ಕುಗ್ಗಿಸಲಿಲ್ಲ. ಉಳಿದ ಮುಖದಲ್ಲಿ ಗಾಯವಿರಲಿಲ್ಲ.

ಜಂಪಣ್ಣ ಪ್ರಿಂಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಚೆನ್ನಾಗವ್ಳೆ. ಯಾರ್ನೋ ಕರೆಯೋ ಹಂಗೆ ಐತೆ. ಯಾರನ್ನ ನೋಡ್ತಾವ್ಳೆ ತಾಯಿ?”

“ಫೋಟೊ ತೆಗೆಯೋನನ್ನ.”

ಅವನು ಫೋಟೊದ ಮುಖ ಎದೆಯ ಕಡೆಗೆ ಬರುವಂತೆ ತಿರುಗಿಸಿ ಜೇಬಿನಲ್ಲಿಟ್ಟುಕೊಂಡು, ಮೇಲೆ ಕೈ ಅದುಮಿಕೊಂಡೇ ಮೆಟ್ಟಿಲಿಳಿದ.